ನಗರಗೆರೆಯ ವೀರಗಲ್ಲು, ತನುಜಳ ನಕ್ಷೆ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗೌರಿಬಿದನೂರು ಗ್ರಾಮಾಂತರ ಠಾಣೆಗೆ ಬಂದ ಓಬಳಮ್ಮ ಕುರ್ಚಿ ತೋರಿಸಿದರೂ ಕೂರಲಿಲ್ಲ. ನಗರಗೆರೆ ಪಕ್ಕದ ಅವರ ಹೊಲದ ಬದುವಿನಲ್ಲಿದ್ದ, ಮೊಣಕಾಲೆತ್ತರದ ವೀರಗಲ್ಲು ಕಳುವಾಗಿತ್ತು. ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಆ ಮನೆಯಲ್ಲಿ ಮೊದಲ ಲಗ್ನಪತ್ರಿಕೆ ಆ ಕಲ್ಲಿಗೆ. ಅದಕ್ಕಿಡದೆ ನೆಂಟರಿಗೆ ಕೊಡುವಂತಿಲ್ಲ. ಅಚ್ಚಾದ ಪತ್ರಿಕೆಗಳು ಕಟ್ಟು ಬಿಚ್ಚದೆ ಬಿದ್ದಿದ್ದವು.

“ಯಾರ ಮೇಲೆ ಅನುಮಾನ?” ಸಬ್ ಇನ್‌ಸ್ಪೆಕ್ಟರ್ ವರಲಕ್ಷ್ಮಿ ಕೇಳಿದರು.

“ಆ ತನುಜ ಅನ್ನೋ ಹುಡುಗಿ ಮೇಲೇ ಕಣಮ್ಮ. ನಮ್ ಕಲ್ಲಿನ ಫೋಟೋ ಹೊಡ್ಕೊಂಡೋಗಿ ಫೋನಲ್ಲಿ ಊರಿಗೆಲ್ಲ ದಾರಿ ತೋರಿಸವ್ಳೆ. ಅಯ್ಯೋ ದೇವುಡಾ, ತಿಂಗಳಾಗ್ಲಿಲ್ಲ, ಕಲ್ಲೇ ಇಲ್ಲ!”

ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಡಿ ಎಫ್‌ಐಆರ್ ದಾಖಲಾಯಿತು. ಶಂಕಿತರ ಜಾಗದಲ್ಲಿ ತನುಜಳ ಹೆಸರು ಬಿತ್ತು.

ಮಧ್ಯಾಹ್ನ ಸ್ಥಳ ಪಂಚನಾಮೆ. “ನಿಧಿ ಆಸೆಗೆ ಬಂದೋರು ಮೇಡಂ,” ಎಂದು ಹೆಡ್ ಕಾನ್‌ಸ್ಟೇಬಲ್ ಕೊಂಡಪ್ಪ ಆಗಲೇ ತೀರ್ಪು ಕೊಟ್ಟಾಗಿತ್ತು. ಆದರೆ ನಿಧಿಗಳ್ಳರು ಕಲ್ಲು ಉರುಳಿಸಿ ಆಳಕ್ಕೆ ಅಗೆಯುತ್ತಾರೆ. ಇಲ್ಲಿ ಸುತ್ತಲಿನ ಮಣ್ಣನ್ನಷ್ಟೇ ಜೋಪಾನವಾಗಿ ಬಿಡಿಸಿದ್ದರು. ಗುಂಡಿಯ ಅಂಚಿನಲ್ಲಿ ಬಿಳಿ ಪುಡಿ ಚೆಲ್ಲಿತ್ತು.

“ರಂಗೋಲಿ,” ಎಂದರು ಕೊಂಡಪ್ಪ.

“ರಂಗೋಲಿ ಪುಡಿಗೆ ಇರುವೆ ಮುತ್ತುತ್ತೇನ್ರೀ?”

ಅದು ಮೈದಾ ಹಿಟ್ಟು. ಶನಿವಾರ ಸಂಜೆ ಮಳೆ ಬಿದ್ದಿತ್ತು, ಹಿಟ್ಟು ಒಣಗಿಯೇ ಇತ್ತು. ಭಾನುವಾರ ಹಗಲು ಮನೆಮಂದಿಯೆಲ್ಲ ಮದುವೆ ಬಟ್ಟೆ ತರಲು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರು. ಆ ಹಿಟ್ಟು ಕಲ್ಲು ಕಿತ್ತವನದೇ ಎಂಬುದು ವರಲಕ್ಷ್ಮಿಗೆ ಸ್ಪಷ್ಟವಾಯಿತು.

ತನುಜ ಚಿಂತಾಮಣಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಜೆ ಸಿಕ್ಕಾಗಲೆಲ್ಲ ಸ್ಕೂಟರ್ ಹತ್ತಿ ವೀರಗಲ್ಲು ಹುಡುಕುವ ಹುಚ್ಚು. ಸಿಕ್ಕ ಪ್ರತಿ ಕಲ್ಲನ್ನೂ ತಾನೇ ತಯಾರಿಸಿದ ಆನ್‌ಲೈನ್ ನಕ್ಷೆಯಲ್ಲಿ ಗುರುತು ಹಾಕಿದ್ದಳು. ಗುರುತು ಒತ್ತಿದರೆ ಫೋಟೋ, ಶಾಸನದ ಪಾಠ, ಹೋಗುವ ದಾರಿ ಎಲ್ಲ ಬರುತ್ತಿತ್ತು. ಯಾರು ಬೇಕಾದರೂ ನೋಡಬಹುದಿತ್ತು.

“ಭಾನುವಾರ ಎಲ್ಲಿದ್ರಿ?”

“ಡ್ಯೂಟೀಲಿದ್ದೆ ಮೇಡಂ, ಲ್ಯಾಬಲ್ಲಿ ಕೇಳಿ. ಕಳ್ಳಿ ಅಂತ ಊರೆಲ್ಲ ಬೈತಾವ್ರೆ. ಮ್ಯಾಪ್ ಡಿಲೀಟ್ ಮಾಡ್ಬಿಡ್ತೀನಿ, ಸಾಕಾಯ್ತು.”

“ಈಗ್ಲೇ ಬೇಡ. ವೀರಗಲ್ಲಿನ ಹತ್ರ ಮೈದಾ ಹಿಟ್ಟಿಗೆ ಏನು ಕೆಲಸ?”

“ಸವೆದಿರೋ ಅಕ್ಷರ ಕಾಣ್ಲಿ ಅಂತ ಬಳೀತಾರೆ. ನಾನು ಬಳಿಯಲ್ಲ, ಟಾರ್ಚ್ ಓರೆಯಾಗಿ ಬಿಟ್ಟು ಫೋಟೋ ತೆಗೀತೀನಿ. ಹಿಟ್ಟು ಬಳಿಯೋದು ನಮ್ ಹರಿಕೃಷ್ಣ ಸರ್...” ಅವಳು ತಟ್ಟನೆ ನಿಲ್ಲಿಸಿದಳು. “ಅಯ್ಯೋ, ಅವರಲ್ಲ ಮೇಡಂ. ನಂಗೆ ಕಲ್ಲು ಓದೋಕೆ ಕಲಿಸಿದೋರು. ದೇವರಂಥೋರು.”

ದೇವರಂಥವರು ಎಂದು ಯಾರಾದರೂ ಹೇಳಿದರೆ ವರಲಕ್ಷ್ಮಿ ಮೊದಲು ಅವರ ಗಾಡಿ ನಂಬರ್ ಹುಡುಕುತ್ತಿದ್ದರು. ಹರಿಕೃಷ್ಣ ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಇತಿಹಾಸ ಉಪನ್ಯಾಸಕ. ಮಂಚೇನಹಳ್ಳಿಯ ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ಭಾನುವಾರ ಮಧ್ಯಾಹ್ನ ಅವರ ಕಾರು ಹಿಂಬದಿಯ ಭಾರಕ್ಕೆ ಕುಗ್ಗಿ ನಿಂತಿತ್ತು. ಮರುದಿನ ಪಂಚರ ಸಮ್ಮುಖದಲ್ಲಿ ಮನೆ ಶೋಧಿಸಿದಾಗ ಕಲ್ಲು ಅವರ ಓದುವ ಕೋಣೆಯಲ್ಲಿ ಸಿಕ್ಕಿತು. ಕೆಳಗೆ ಹತ್ತಿ ಹಾಸಿಗೆ ಹಾಸಿದ್ದರು.

“ಕದಿಯೋಕೆ ಹೋದೋರು ಹಿಟ್ಟು ಯಾಕೆ ಬಳಿದ್ರಿ?”

“ಕಲ್ಲು ಕಂಡ್ರೆ ಕೈ ಸುಮ್ನಿರಲ್ಲ. ತನುಜ ತಪ್ಪು ಓದಿರ್ಬೋದು ಅಂತ ಒಂದ್ಸಲ ನೋಡ್ದೆ.”

“ತಪ್ಪಿತ್ತಾ?”

“ಇಲ್ಲ.” ಅವರ ಮುಖ ಕಪ್ಪಿಟ್ಟಿತು. “ಒಂದಕ್ಷರಾನೂ ತಪ್ಪಿಲ್ಲ.”

ಹೇಳಿಕೆ ದಾಖಲಾಯಿತು. ಇಪ್ಪತ್ತು ವರ್ಷ ಸುತ್ತಿ ತೆಗೆದ ಫೋಟೋಗಳನ್ನು, ಯಾರಾದರೂ ಹಾರಿಸಿಬಿಟ್ಟಾರೆಂದು, ಅವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಿನ್ನೆ ಮೊನ್ನೆ ಕಲಿತ ಹುಡುಗಿ ಎಲ್ಲವನ್ನೂ ಹಂಚಿಬಿಟ್ಟಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಅವರದೇ ವಿದ್ಯಾರ್ಥಿಗಳು “ಸರ್, ತನುಜ ಮೇಡಂ ನಿಮ್ಗೆ ಗೊತ್ತಾ?” ಎಂದು ಕೇಳಿದರು. ಆ ದಿನ ಅವರಿಗೆ ಅನ್ನ ಸೇರಲಿಲ್ಲ. ಕಲ್ಲು ಕಾಣೆಯಾದರೆ ಊರವರು ಅವಳನ್ನು ಉಗಿಯುತ್ತಾರೆ, ನಕ್ಷೆ ತಾನಾಗಿಯೇ ಅಳಿಯುತ್ತದೆ ಎಂದುಕೊಂಡರು. ಹೊಟ್ಟೆಕಿಚ್ಚಿಗೆ ಕಲ್ಲಿನ ಕಾಳಜಿ ಎಂದು ಹೆಸರಿಟ್ಟರೂ ಅದು ತಣ್ಣಗಾಗುವುದಿಲ್ಲ.

ಅದೇ ವಾರ ನ್ಯಾಯಾಲಯದ ಅನುಮತಿ ಪಡೆದು ಕಲ್ಲನ್ನು ಬದುವಿನಲ್ಲಿ ಮತ್ತೆ ನೆಡಲಾಯಿತು. ಓಬಳಮ್ಮ ಅರಿಶಿನ ಹಚ್ಚಿ ಮೊದಲ ಪತ್ರಿಕೆಯನ್ನು ಅದರ ಬುಡದಲ್ಲಿಟ್ಟರು. ಎರಡನೆಯದನ್ನು ತನುಜಳ ಕೈಗೆ ಕೊಟ್ಟು, “ತಪ್ಪು ತಿಳ್ಕೊಬ್ಯಾಡ ಕಣಮ್ಮ, ಮದುವೆಗೆ ಬಾ,” ಎಂದರು. ತನುಜ ಅತ್ತಳು. ನಕ್ಷೆ ಅಳಿಯಲಿಲ್ಲ.

ಹರಿಕೃಷ್ಣರನ್ನು ಬಂಧಿಸಿದ ದಿನ ಜೀಪಿನಲ್ಲಿ ಕೊಂಡಪ್ಪನವರಿಗೆ ತಡೆಯಲಾಗಿರಲಿಲ್ಲ. “ನನ್ ಹೆಸರೂ ಹಾಕಮ್ಮ ಅಂತ ಒಂದ್ ಮಾತು ಕೇಳ್ಬೋದಿತ್ತಲ್ಲ ಸರ್?”

ಹರಿಕೃಷ್ಣ ಕಿಟಕಿಯಾಚೆ ನೋಡುತ್ತಲೇ ಹೇಳಿದರು.

“ಹಾಕವ್ಳಪ್ಪ. ಒಂದೊಂದು ಕಲ್ಲಿನ ಕೆಳಗೂ, ‘ತೋರಿಸಿಕೊಟ್ಟವರು ಹರಿಕೃಷ್ಣ ಸರ್’ ಅಂತ ಹಾಕವ್ಳೆ. ಹಾಕ್ದೇ ಇದ್ದಿದ್ರೆ ಅವಳನ್ನ ಬೈಕೊಂಡು ನೆಮ್ಮದಿಯಾಗಿರ್ತಿದ್ದೆ.”