ಹೆಬ್ಬೆರಳಿನಷ್ಟು ಉಳಿದಾಗ

ಪ್ರೀತಿಯ ಕಥೆ ಹೇಳುವ ಯೋಗ್ಯತೆ ನನಗಿದೆಯೇ ಅನ್ನೋ ಅನುಮಾನ ಇನ್ನೂ ಹೋಗಿಲ್ಲ. ಹಗಲೆಲ್ಲ ಬರ್ಮಾದ ಮಾಂಡಲೆಯ ದೊಡ್ಡ ಮಾರ್ಕೆಟ್ಟಿನಲ್ಲಿ ಗಿರಾಕಿಗಳಿಗೆ ಲುಂಗಿ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಕೋ ಪ್ಯೇ ನಾನು. ನಾಲ್ಕಕ್ಷರ ಕಲಿತದ್ದೂ ಬಣ್ಣ ಕಲಿತದ್ದೂ ಸಂಜೆ ಕ್ಲಾಸಿನಲ್ಲೇ. ಅಲ್ಲದೆ ಈ ಕಥೆ ಅರ್ಧ ಅವಳದು, ಅವಳನ್ನು ಕೇಳದೆ ಹೇಳುತ್ತಿದ್ದೇನೆ. ಎಲ್ಲಾದರೂ ಅತಿಯಾದರೆ ದಯವಿಟ್ಟು ಕ್ಷಮಿಸಿ.

ಊ ಬ ತೋ ಮೇಷ್ಟ್ರ ಚಿತ್ರದ ಕ್ಲಾಸು ಒಂದು ಟೀ ಅಂಗಡಿಯ ಮಹಡಿಯಲ್ಲಿ ನಡೆಯುತ್ತಿತ್ತು. ಒಂದು ಸಂಜೆ ಅವರು, ದಿನಾ ಬೆಳಿಗ್ಗೆ ನಿಮ್ಮ ಮೈಗೆ ನೀವೇ ಮಾಡಿಕೊಳ್ಳುವ ಒಂದು ಉಪಚಾರವನ್ನು ಬಿಡಿಸಿ ಅಂದರು. ಮುಖ ಬರೆಯುವಂತಿಲ್ಲ, ಕೈ ಬರೆಯುವಂತಿಲ್ಲ, ಯಾವ ವಸ್ತುವೂ ಕಾಣಬಾರದು. ಬಣ್ಣ ನೋಡಿಯೇ ಆ ಹೊತ್ತು ಗೊತ್ತಾಗಬೇಕು.

ನಾನು ಹೂಜಿಯ ನೀರಲ್ಲಿ ಮುಖ ತೊಳೆಯುವುದನ್ನು ನೀಲಿ ಪಟ್ಟೆಗಳಲ್ಲಿ ಬರೆದೆ. ಹಿಂದೆ ಕೂರುವ ಓನ್ ಚೀ ಅಕ್ಕ, ಸೂಲಗಿತ್ತಿಯಾಗಿ ಊರಿಗೆಲ್ಲ ಬೇಕಾದವಳು, ಇಣುಕಿ ನೋಡಿ, "ಜೈಲಿನ ಕಿಟಕಿ ಚೆನ್ನಾಗಿ ಬಂದಿದೆ ಕಣಪ್ಪ" ಅಂದಳು. ಎಲ್ಲರೂ ನಕ್ಕರು. ಪಕ್ಕದ ಹುಡುಗಿಯೂ ನಕ್ಕಳು. ಮಖಮಲ್ಲಿನ ಚಪ್ಪಲಿ ಹೊಲಿಯುವ ಮಾ ತಝಿನ್.

ಆಗಲೇ ನಾನು ಅವಳ ಚಿತ್ರ ನೋಡಿದ್ದು. ಕಲ್ಲಿನ ಬೂದು ಬಣ್ಣದ ಮೇಲೆ ತಿಳಿ ಹಳದಿ ಉಂಗುರಗಳು, ಒಂದರೊಳಗೊಂದು. ಟೈರು ಅಂದರು ಒಬ್ಬರು. ಸಾರಿನ ಬಟ್ಟಲು ಅಂದರು ಇನ್ನೊಬ್ಬರು.

"ತನಖಾ ತೇಯ್ತಿರೋದು" ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಸಾಣೆಕಲ್ಲಿಗೆ ನೀರು ಚಿಮುಕಿಸಿ, ತನಖಾ ಮರದ ಕೊರಡು ತೇಯ್ದು, ಆ ಗಂಧವನ್ನು ಕೆನ್ನೆಗೆ ಬಳಿದುಕೊಳ್ಳದೆ ನಮ್ಮ ಹೆಣ್ಣುಮಕ್ಕಳು ಹೊಸ್ತಿಲು ದಾಟುವುದಿಲ್ಲ. ಅವಳ ಕೆನ್ನೆಯಲ್ಲೂ ಅಂದು ಒಂದು ಎಲೆ ಮೂಡಿತ್ತು, ನರಗಳ ಸಮೇತ.

"ಹೇಗೆ ಗೊತ್ತಾಯ್ತು?"

"ಉಂಗುರ ಅಲ್ಲಲ್ಲಿ ನಿಂತಿದೆ. ನೀರು ಹಾಕೋಕೆ ನಿಲ್ಲಿಸಿದ್ದೀರಿ."

ಅವಳು ಕುಂಚ ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಎಲೆ ಇದ್ದ ಕೆನ್ನೆ ಮಾತ್ರ ಸ್ವಲ್ಪ ನಕ್ಕಿತು.

ಅಂದಿನಿಂದ ಕ್ಲಾಸು ಮುಗಿದ ಮೇಲೆ ಕೋಟೆಯ ಕಂದಕದ ಉದ್ದಕ್ಕೂ ಒಟ್ಟಿಗೆ ನಡೆಯುತ್ತಿದ್ದೆವು. ಅವಳ ಹೊಲಿಗೆ ಯಜಮಾನನಿಗೆ, ಅಡಿಗೆ ಅಣ್ಣಂದಿರಿಗೆ. ತನಖಾ ತೇಯುವ ಅಷ್ಟು ಹೊತ್ತು ಮಾತ್ರ ತಾನು ತನ್ನವಳು ಅನ್ನುತ್ತಿದ್ದಳು.

ತನಖಾಕ್ಕೆ ಹೆಸರಾದ ಶ್ವೇಬೋ ಕಡೆಯ ಒಳ್ಳೆಯ ಕೊರಡೊಂದನ್ನು ಹುಡುಕಿ, ಲುಂಗಿಯ ತುಂಡಿನಲ್ಲಿ ಸುತ್ತಿ ಕೊಟ್ಟೆ. ಗಂಡಸೊಬ್ಬ ತನಖಾ ಕೊಟ್ಟರೆ ಅವನು ಬೇರೇನೂ ಬಾಯಿಬಿಟ್ಟು ಹೇಳಬೇಕಿಲ್ಲ. ಅವಳು ಮೂಸಿ ನೋಡಿದಳು. ವಾಪಸ್ಸೂ ಕೊಡಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

"ಇದು ಸವೀಲಿ, ಕೋ ಪ್ಯೇ. ಹೆಬ್ಬೆರಳಿನಷ್ಟು ಉಳಿದಾಗ ಹೇಳ್ತೀನಿ."

"ಅಷ್ಟರೊಳಗೆ ನಾನು ಮುದುಕ ಆಗಿರ್ತೀನಿ."

"ಆಗ್ಲಿ. ಮುದುಕನಿಗೇ ಹೇಳ್ತೀನಿ."

ಮಳೆಗಾಲ ಶುರುವಾಗುವ ಮೊದಲೇ ಸುದ್ದಿ ಬಂತು. ಗಡಿಯಾಚೆ ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ಮನೆಗೆಲಸಕ್ಕಿದ್ದ ಅವಳ ತಾಯಿಗೆ ಲಕ್ವ ಹೊಡೆದಿತ್ತು. ಅಲ್ಲಿ ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಕಾಗದಪತ್ರ ಕೈಗೆ ಬಂದ ತಕ್ಷಣ ತಝಿನ್ ಹೊರಡಬೇಕು. ಈಗ ಗಡಿ ದಾಟಿದವರು ತಿರುಗಿ ಬರುವುದಿಲ್ಲ. ಸೈನ್ಯಕ್ಕೆ ಎಳೆದುಕೊಳ್ಳುವ ಕಾಲ, ನನ್ನ ವಯಸ್ಸಿನ ಗಂಡಸರಿಗೆ ದಾಟುವ ಕಾಗದ ಸಿಗುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ನಾನು ಹುಚ್ಚನ ಹಾಗೆ ಅವಳ ಕೆನ್ನೆ ನೋಡತೊಡಗಿದೆ. ತನಖಾ ದಪ್ಪಗಿದ್ದರೆ ಕೊರಡು ಬೇಗ ಸವೆಯುತ್ತಿದೆ ಅಂತ ಹಿಗ್ಗುತ್ತಿದ್ದೆ. ಆದರೆ ಅದು ದಿನೇ ದಿನೇ ತೆಳುವಾಯಿತು. ಎಲೆ ಹೋಯಿತು. ಬರೀ ಒಂದು ಮಸುಕು ಉಳಿಯಿತು. ಕೊನೆಗೊಂದು ಸಂಜೆ ಏನೂ ಇಲ್ಲದ ಬರಿ ಮುಖದಲ್ಲಿ ಬಂದಳು. ಜ್ವರವೇನಮ್ಮ ಅಂತ ಓನ್ ಚೀ ಅಕ್ಕ ಹಣೆ ಮುಟ್ಟಿ ನೋಡಿದಳು.

ನನಗೆ ಅರ್ಥವಾಯಿತು ಅಂದುಕೊಂಡೆ. ಕೊರಡು ಸವೆಯಬಾರದು, ಉತ್ತರ ಹೇಳುವ ಗಳಿಗೆ ಬರಬಾರದು. ಅದಕ್ಕೇ ಉಳಿಸುತ್ತಿದ್ದಾಳೆ. ಕಂದಕದ ದಂಡೆಯಲ್ಲಿ, ನೀರು ನೋಡುತ್ತಲೇ ಹೇಳಿದೆ.

"ನಂಗೆ ಉತ್ತರ ಬೇಡ ಬಿಡಿ. ಅದಕ್ಕೋಸ್ಕರ ಮುಖ ಒಣಗಿಸ್ಕೋಬೇಡಿ."

ಅವಳು ನನ್ನ ಕಡೆ ತಿರುಗಿದಳು.

"ನಿಮಗೆ ಚಿತ್ರ ಓದೋಕೆ ಬರುತ್ತೆ" ಅಂದಳು, "ಮುಖ ಓದೋಕೆ ಬರಲ್ಲ."

ಅವಳ ಬೆರಳ ತುದಿಗಳಿಗೆ ಬಟ್ಟೆ ಸುತ್ತಿತ್ತು. ಚಪ್ಪಲಿ ಸೂಜಿ ಚುಚ್ಚಿರಬೇಕು ಅಂದುಕೊಂಡೆ.

ಅವಳು ಹೊರಟದ್ದು ಬೆಳಗಿನ ಬಸ್ಸಿಗೆ. ನಾನು ಆಗ ಅಂಗಡಿಯಲ್ಲಿದ್ದೆ. ಸಂಜೆ ಕ್ಲಾಸಿಗೆ ಹೋದಾಗ ಮೇಷ್ಟ್ರು, ನಿನಗೆ ಬಿಟ್ಟು ಹೋಗಿದ್ದಾಳೆ ಅಂತ ಗೋಡೆಯ ಕಡೆ ಕೈ ತೋರಿಸಿದರು.

ದೊಡ್ಡ ಕ್ಯಾನ್ವಾಸು. ಅದರಲ್ಲಿ ಬಣ್ಣವೇ ಇರಲಿಲ್ಲ. ಬೂದು ಬಟ್ಟೆಯ ತುಂಬ ತನಖಾ, ಉಂಗುರದ ಮೇಲೆ ಉಂಗುರ, ನಡುನಡುವೆ ನೀರಿಗಾಗಿ ನಿಂತ ಜಾಗಗಳು. ಕೋಣೆಯಲ್ಲೆಲ್ಲ ಬೆಳಗಿನ ಹೆಣ್ಣುಮಕ್ಕಳ ವಾಸನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಹಿಂದಿನ ಮೆಟ್ಟಿಲ ಮೇಲೆ ಕೂತು ನಾನು ಕೊಟ್ಟ ಕೊರಡನ್ನು ತೇಯುತ್ತಿದ್ದಳಂತೆ. ನಿನಗೆ ಗೊತ್ತಿರಲಿಲ್ಲವೇನೋ ಅಂತ ಮೇಷ್ಟ್ರಿಗೇ ಆಶ್ಚರ್ಯ.

ಹೆಬ್ಬೆರಳಿನಷ್ಟು ಉಳಿದ ತುಂಡೆಲ್ಲಿ ಅಂತ ಕೇಳಿದೆ.

"ಎಲ್ಲಿಂದ ಬರಬೇಕು? ಬೆರಳು ಕಲ್ಲಿಗೆ ತಾಗಿದ್ರೂ ಬಿಡ್ಲಿಲ್ಲ ಆ ಹುಡುಗಿ."

ತೊಳೆದಿಟ್ಟ ಸಾಣೆಕಲ್ಲು ಗೋಡೆಗೆ ಒರಗಿತ್ತು. ಚಿತ್ರದ ನಟ್ಟನಡುವಿನ ಉಂಗುರ ಮಾತ್ರ ಒಂಚೂರು ಕೆಂಪಗಿತ್ತು.

ಅಲ್ಲಿಂದ ಒಮ್ಮೆ ಫೋನ್ ಮಾಡಿದ್ದಳು. ತಾಯಿಯನ್ನು ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು, ಅದೇ ಮಾತು. ನಾನು ಕೇಳಬೇಕಾದ್ದನ್ನು ಕೇಳಲಾರದೆ, ಅಲ್ಲಿ ಮುಖಕ್ಕೆ ಏನು ಹಚ್ಚುತ್ತೀರಿ ಅಂದೆ.

"ಏನೂ ಇಲ್ಲ" ಅಂದಳು. "ಹೊತ್ತೆಲ್ಲಿದೆ."

ಆಮೇಲೆ ಆ ನಂಬರು ಹತ್ತಲಿಲ್ಲ.

ಚಿತ್ರ ನನ್ನ ಕೋಣೆಯಲ್ಲಿದೆ. ತನಖಾ ಒಣಗಿ ಬಿರುಕು ಬಿಟ್ಟು ಉದುರುತ್ತಿದೆ. ಪ್ರತಿ ಬೆಳಿಗ್ಗೆ ನೆಲದ ಮೇಲಿನ ಪುಡಿಯನ್ನು ಅಂಗೈಗೆ ಬಳಿದುಕೊಂಡು, ಎರಡು ಹನಿ ನೀರು ಹಾಕಿ ಕೆನ್ನೆಗೆ ಹಚ್ಚಿಕೊಳ್ಳುತ್ತೇನೆ. ಯಾವಳಪ್ಪಾ ಹಚ್ಚಿ ಕಳಿಸಿದ್ದು ಅಂತ ಮಾರ್ಕೆಟ್ಟಿನವರು ರೇಗಿಸುತ್ತಾರೆ. ಹೀಗೇ ಹಚ್ಚಿಕೊಂಡರೆ ಒಂದು ದಿನ ಬರೀ ಬೂದು ಬಟ್ಟೆ ಉಳಿಯುತ್ತದೆ, ಗೊತ್ತು.

ಉತ್ತರ ಹೇಳುವ ಆ ಹೆಬ್ಬೆರಳಿನ ಗುರುತನ್ನು ಅವಳು ಅವಸರದಲ್ಲಿ ದಾಟಿದಳೋ, ಹೇಳಬೇಕಾಗಿಯೇ ಬರದಿರಲಿ ಅಂತ ದಾಟಿದಳೋ, ನನಗೆ ಗೊತ್ತಿಲ್ಲ.