ಕೊಂಬು ಸುಮ್ಮನಿರಬೇಕಾದ ಜಾಗ

"ನಾಚಿಕೆ ಆಗಲ್ವೇನ್ರೀ ನಿಮಗೆ?"

ಅಪೊಲೇನಾ ಪ್ರೊಕೋಪನೊಂದಿಗೆ ಆಡಿದ ಮೊಟ್ಟಮೊದಲ ಮಾತೇ ಇದು! ಪ್ರಭುಗಳ ಊದುವಾದ್ಯದ ಮೇಳಕ್ಕೆ ಅವನು ಸೇರಿದಾಗಿನಿಂದ ಅವಳು ಕಿಟಕಿಯ ಮರೆಯಲ್ಲಿ ಕದ್ದು ನೋಡಿದ್ದೇ ನೋಡಿದ್ದು. ಸಿಹಿಯಾಗಿ ಮಾತಾಡಬೇಕು ಅಂದುಕೊಂಡವಳ ಬಾಯಿಂದ ಬಂದದ್ದು ಇದು.

ಬಾರದೆ ಇನ್ನೇನು? ಅರಮನೆಯ ತೋಟದಲ್ಲಿ ಆಗಷ್ಟೇ ಅವಳ ಅಪ್ಪ ಮಾತೌಶ್ ಬರೆದ ಹೊಸ ಮಿನುಯೆಟ್ ಕುಣಿತದ ಸಂಗೀತ ನುಡಿಸಿದ್ದರು. ವಿಯೆನ್ನಾದ ಅತಿಥಿಗಳು ಬೆರಳ ತುದಿ ಹಿಡಿದು ನಾಜೂಕಾಗಿ ಹೆಜ್ಜೆ ಹಾಕುತ್ತಿದ್ದರು. ನಡುವೆ ಅಪ್ಪನ ಓಬೋ, ಶಹನಾಯಿಯಂಥ ಆ ವಾದ್ಯ, ಒಂದೇ ಮೇಲಿನ ಸ್ವರಕ್ಕೇರುವ ಜಾಗ ಬಂತು. ಎಲ್ಲರೂ ಕಿವಿಗೊಟ್ಟ ಆ ಹೊತ್ತಿಗೇ ಪ್ರೊಕೋಪನ ಕೊಂಬು ಎಮ್ಮೆಯಂತೆ ಅರಚಿತು! ಕುಣಿಯುವವರು ಹೆಜ್ಜೆ ತಪ್ಪಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ತೋಟವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಪ್ರಭುಗಳು ಅಲ್ಲೇ ಅವನ ಮೇಳದ ಸಮವಸ್ತ್ರ ಕಳಚಿಸಿ ಕುದುರೆ ಲಾಯದ ಕೆಲಸಕ್ಕೆ ಅಟ್ಟಿದರು.

"ನಮ್ಮಪ್ಪ ಚಳಿಗಾಲ ಪೂರ್ತಿ ಕೂತು ಬರೆದದ್ದು ಕಣ್ರೀ! ಕುಡಿದಿದ್ರಾ?"

"ಇಲ್ಲ. ತಪ್ಪಾಯ್ತು."

"ಅಷ್ಟೇನಾ?"

"ಅಷ್ಟೇ..." ಅವನು ತಲೆ ತಗ್ಗಿಸಿದ. "ನಿಮ್ಮಪ್ಪನಿಗೆ ಇವತ್ತು ಸೂಪ್ ಮಾಡಿಕೊಡಿ. ಗಟ್ಟಿ ರೊಟ್ಟಿ ಬೇಡ."

*ಅಧಿಕಪ್ರಸಂಗಿ! ನಮ್ಮನೆ ಅಡುಗೆ ಕಟ್ಕೊಂಡು ಇವನಿಗೇನಾಗಬೇಕು?*

ಮರುದಿನ ಬೆಳಿಗ್ಗೆ ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಒಳಗಿನಿಂದ ಓಬೋ ಕೇಳಿಸಿತು. ಅದೇ ಮಿನುಯೆಟ್, ಅದೇ ಜಾಗ. ಸ್ವರ ಮೇಲಕ್ಕೇರಲಿಲ್ಲ... ಬರೀ ಗಾಳಿ. ಅಪ್ಪ ಮತ್ತೆ ಊದಿದರು. ಮತ್ತೂ ಗಾಳಿ.

ಅಪೊಲೇನಾಳ ಕೈ ನಿಂತಿತು. ಅಪ್ಪನ ಸಂಗೀತವನ್ನು ವಾದ್ಯದವರಿಗೆಲ್ಲ ನಕಲು ಮಾಡಿಕೊಟ್ಟವಳು ಅವಳೇ. ಆ ಜಾಗದಲ್ಲಿ ಕೊಂಬಿಗೆ ಊದುವುದಕ್ಕೆ ಏನೂ ಇಲ್ಲ! ಸುಮ್ಮನೆ ಕೂರಬೇಕಾದವನು ಊದಿದ್ದಾದರೂ ಯಾಕೆ?

ಅಯ್ಯೋ ದೇವರೇ... ಗಟ್ಟಿ ರೊಟ್ಟಿ ಬೇಡ ಅಂದದ್ದು ಅದಕ್ಕೇನಾ?

"ಅಪ್ಪಾ, ಬಾಯಿ ತೆಗೀರಿ."

ಮುಂದಿನ ಹಲ್ಲೊಂದು ಇರಲಿಲ್ಲ. ಓಬೋದ ಪೀಪಿಯ ಮೇಲೆ ತುಟಿ ಬಿಗಿಯಾಗಿ ನಿಲ್ಲುವುದಾದರೂ ಹೇಗೆ!

"ನೆನ್ನೆ ಅಲ್ಲಿ ನಿಮ್ಮ ಸ್ವರ ಬರಲಿಲ್ಲ. ಅದನ್ನ ಮುಚ್ಚೋಕೆ ಅವರು ಅರಚಿದ್ರು. ಹೌದಾ ಅಪ್ಪಾ?"

ಮಾತೌಶ್ ಮಗಳ ಮುಖ ನೋಡಲಿಲ್ಲ. "ಹೌದಮ್ಮಾ... ನೆನ್ನೆ ಬೆಳಿಗ್ಗೆ ಹಲ್ಲು ಬಿದ್ದದ್ದು ಅವನೊಬ್ಬನಿಗೇ ಗೊತ್ತಿತ್ತು. ಬಾಯಿ ಬಿಟ್ಟರೆ ಕೆಲಸವೂ ಹೋಗುತ್ತೆ, ಮನೆಯೂ ಹೋಗುತ್ತೆ ಅಂತ ಹೆದರಿಬಿಟ್ಟೆ."

ಅಪ್ಪನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಯ್ಯೋ ಅನಿಸಿತು. ಹೇಳಿದರೆ ಅಪ್ಪ ಬೀದಿಗೆ. ಸುಮ್ಮನಿದ್ದರೆ ಪ್ರೊಕೋಪ್ ಜೀವನವಿಡೀ ಲಾಯದಲ್ಲಿ. ಏನು ಮಾಡಬೇಕೆಂದು ತೋಚದೆ ಅವಳು ಮಧ್ಯಾಹ್ನದವರೆಗೂ ಚಡಪಡಿಸಿ, ಕೊನೆಗೆ ಲಾಯಕ್ಕೆ ಓಡಿದಳು.

ಅವನು ಕುದುರೆಯ ಮೈ ಉಜ್ಜುತ್ತಿದ್ದ.

"ನಾನು ಅಷ್ಟೆಲ್ಲ ಬೈದೆ. ಯಾಕ್ರೀ ಒಂದು ಮಾತು ಹೇಳಲಿಲ್ಲ?"

"ಹೇಳಿದ್ರೆ ಊದಿದ್ದು ದಂಡ ಆಗ್ತಿತ್ತಲ್ಲ."

"ನಮ್ಮಪ್ಪ ಅಂದ್ರೆ ಅಷ್ಟೊಂದು ಇಷ್ಟನಾ?"

ಅವನ ಕಿವಿ ಕೆಂಪಾಯಿತು. "ಅವರ ಮೇಲೆ ಗೌರವ... ಆದ್ರೆ ನೀವು ಗುಲಾಬಿ ಗಿಡದ ಹತ್ರ ನಿಂತಿದ್ರಿ. ನಿಮ್ಮಪ್ಪನ್ನ ನೋಡಿ ಜನ ನಗೋದು ನಿಮ್ಮ ಕಣ್ಣಿಗೆ ಬೀಳಬಾರದು ಅನ್ನಿಸ್ತು. ನನ್ನನ್ನ ನೋಡಿ ನಕ್ಕರೆ ಏನೀಗ?"

ಅವಳ ಕಣ್ಣಲ್ಲಿ ನೀರು ತುಂಬಿತು. ಇಂಥವನನ್ನು ಕುಡುಕ ಅಂದುಬಿಟ್ಟೆನಲ್ಲ!

"ಪ್ರಭುಗಳಿಗೆ ಹೇಳಲ್ಲ ಅಂತ ಮಾತು ಕೊಡಿ," ಎಂದ ಅವನು.

"ಕೊಡಲ್ಲ... ಕೊಡದೇನೂ ಇರಲಾರೆ... ನಂಗೇನೂ ಗೊತ್ತಾಗ್ತಿಲ್ಲ!"

"ಅವಳು ಹೇಳೋದು ಬೇಡ ಕಣಪ್ಪಾ." ಬಾಗಿಲಲ್ಲಿ ಮಾತೌಶ್ ಟೋಪಿ ಹಿಡಿದು ನಿಂತಿದ್ದರು. "ನಾನೇ ಹೋಗಿ ಹೇಳಿ ಬಂದೆ."

ಅಪೊಲೇನಾ ಅಪ್ಪನ ಬಳಿಗೆ ಓಡಿದಳು.

"ಚೆನ್ನಾಗಿ ಬೈಸಿಕೊಂಡೆ. ಓಬೋ ಊದೋಕೆ ಬೇರೆಯವನು ಬರ್ತಾನೆ. ನಾನು ಬರೀಬಹುದಂತೆ, ಬರೆಯೋಕೆ ಹಲ್ಲು ಬೇಡವಲ್ಲ! ನಿನ್ನ ಸಮವಸ್ತ್ರ ವಾಪಸ್ ಕೊಡ್ತಾರೆ. ಆದರೆ ಮನೆ ಮಾತ್ರ ಹೊಸಬನಿಗೆ." ಅವರು ಪ್ರೊಕೋಪನ ಹತ್ತಿರ ಬಂದರು. "ನನ್ನ ಕ್ಷಮಿಸು ಮಗನೇ."

ಪ್ರೊಕೋಪ್ ಅವರ ಕೈ ಹಿಡಿದುಕೊಂಡ. ಆಮೇಲೆ, "ಮದುವೆಯಾದ ವಾದ್ಯದವರಿಗೂ ಮನೆ ಕೊಡ್ತಾರಂತೆ..." ಎಂದ.

"ಮನೆಗೋಸ್ಕರ ಯಾರನ್ನೂ ಕಟ್ಕೊಳ್ಳಲ್ಲ ನಾನು!" ಅಪೊಲೇನಾ ಸಿಡುಕಿದಳು.

"ಅಯ್ಯೋ, ಹಾಗಲ್ಲ..."

"ಮತ್ತೆ ಹೇಗೆ? ನೆಟ್ಟಗೆ ಹೇಳಿ."

ಮಾತೌಶ್ ಮುಖ ತಿರುಗಿಸಿ ಕುದುರೆಯ ಕುತ್ತಿಗೆ ಸವರತೊಡಗಿದರು.

"ನಿಮ್ಮನ್ನ... ನಿನ್ನನ್ನ ಪ್ರೀತಿಸ್ತೀನಿ ಅಪೊಲೇನಾ. ಮೇಳದಲ್ಲಿದ್ರೂ ಅಷ್ಟೇ, ಲಾಯದಲ್ಲಿದ್ರೂ ಅಷ್ಟೇ."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ನೀನು ಎದುರಿಗೆ ಬಂದ್ರೆ ನಂಗೆ ಉಸಿರೇ ಬರಲ್ಲ."

ಅವಳು ಅಳುತ್ತಲೇ ನಕ್ಕಳು. ಹುಲ್ಲು ಮೆತ್ತಿದ್ದ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಿಧಾನಕ್ಕೆ ತಗೋ ಉಸಿರು. ನಾನೆಲ್ಲೂ ಹೋಗಲ್ಲ."