ದೌಡಾಯಿಸದ ಕುದುರೆ

ಅಕ್ಕ ಝಿಪಾರ್ ಜೀನಿನ ಪಟ್ಟಿ ಬಿಗಿಯುತ್ತಿದ್ದಳು. ಉಲ್ಜಾನ್ ಹೆಣ್ಣುಕುದುರೆಯ ಕೇಸರ ಬಾಚುತ್ತಿದ್ದಳು. ಅಕ್ಕನ ಮನೆಯಿಂದ ಹೊಳೆ ದಾಟಿದರೆ ಅಪ್ಪನ ಡೇರೆ.

"ಎಸೆನ್ ಮನೇಲಿ ಬೆಳಗ್ಗೆ ಮದುವೆ ಊಟಕ್ಕೆ ಕುರಿ ಕೊಯ್ದಿದ್ದಾರೆ," ಅಕ್ಕ ಅಂದಳು. "ಅವನ ಅಣ್ಣಂದಿರ ಕಾರು ಸೇತುವೆ ಹತ್ರ ನಿಂತಿದೆಯಂತೆ."

ಮೂರು ವರ್ಷದ ಹಿಂದೆ ಅಕ್ಕನನ್ನೂ ಹೀಗೇ ದಾರಿಯಲ್ಲಿ ಕಾದು, ಮದುವೆಗೆಂದು ಈ ಮನೆಗೆ ಹೊತ್ತು ತಂದಿದ್ದರು.

"ಎಸೆನ್ ಅಂಥೋನಲ್ಲ ಅಕ್ಕ."

"ನಿನ್ನ ಭಾವನೂ ಮೊದಲು ನನ್ನ ನೋಡಿ ನಗ್ತಿದ್ದ ಕಣೇ."

ಉಲ್ಜಾನಳ ಕುದುರೆ ಹುಟ್ಟಿನಿಂದಲೇ ಜೊರ್ಗೊ ನಡಿಗೆಯದು. ಒಂದು ಬದಿಯ ಎರಡೂ ಕಾಲು ಒಟ್ಟಿಗೆ, ಮತ್ತೆ ಇನ್ನೊಂದು ಬದಿಯವು. ಮೇಲೆ ಕೂತವರ ಕೈಯ ಬಟ್ಟಲಿನ ಹಾಲು ತುಳುಕದು. ನಾಳೆಯ ಜೊರ್ಗೊ ಪಂದ್ಯದಲ್ಲಿ ಅದು ಈ ನಡಿಗೆ ಬಿಟ್ಟು ದೌಡಾಯಿಸಿದರೆ ಸೋತಂತೆ. ಇವತ್ತು ಓಟದ ರುಚಿ ಹತ್ತಿಸಬೇಡ ಎಂದು ಅಪ್ಪ ಹೇಳಿ ಕಳಿಸಿದ್ದ.

ಅರ್ಧ ದಾರಿಯಲ್ಲಿ ಹಿಂದಿನಿಂದ ಗೊರಸಿನ ಸದ್ದು ಕೇಳಿತು. ದೌಡಿನ ಸದ್ದು. ಅವಳು ಚಾಟಿ ಎತ್ತಿದಳು. ಪಂದ್ಯ ಹೋದರೆ ಹೋಗಲಿ ಅನ್ನುವಷ್ಟರಲ್ಲಿ ಸದ್ದು ನಿಧಾನಿಸಿತು, ನಿಂತಿತು.

"ಉಲ್ಜಾನ್, ನಾನು. ಒಬ್ನೇ ಇದೀನಿ."

"ಹತ್ರ ಬರಬೇಡ ಎಸೆನ್."

"ಬರಲ್ಲ."

ದಿನಾ 'ನಿನ್ನ ಕುದುರೆಗೆ ನಿದ್ದೆ ಬಂತಾ?' ಎಂದು ಕೆಣಕಿ, ಅವಳು ಸಿಡುಕುವ ತನಕ ಕಣ್ಣಂಚಿನಲ್ಲಿ ನಗುತ್ತಿದ್ದವನು ಇವತ್ತು ಅವಳ ಮುಖ ನೋಡಲೂ ಅಂಜಿದ. ಕೋಟಿನೊಳಗಿಂದ ಬಿಳಿ ವಸ್ತ್ರವೊಂದನ್ನು ತೆಗೆದ.

"ಇದನ್ನ ನಿನ್ನ ತಲೆಗೆ ಹೊದಿಸಿದ್ರೆ ಮದುವೆ ಮುಗೀತು ಅಂತ ಮನೇಲಿ ಕೂತಿದ್ದಾರೆ. ನಾನು ಬೇಡ ಅಂದ್ರೆ ನಗ್ತಾರೆ. ಅಮ್ಮನ ಪೆಟ್ಟಿಗೆಯಿಂದ ಕದ್ದೆ."

"ಕಳ್ಳ," ಅಂದಳು.

ವಸ್ತ್ರವನ್ನು ಪೊದೆಯ ಮೇಲೆ ಹರವಿ ಅವನು ಹಿಂದೆ ಸರಿದ. "ನೀನೇ ಇಟ್ಕೋ. ಮನಸ್ಸು ಬಂದ ದಿನ ನೀನಾಗೇ ಹೊದ್ಕೊಂಡು ಬಾ. ಬರದಿದ್ರೆ ಕುದುರೆ ಮೈ ಒರೆಸು. ಸೇತುವೆ ಕಡೆ ಹೋಗಬೇಡ, ಮೇಲೆ ನೀರು ಕಮ್ಮಿ ಇರೋ ಕಡೆ ದಾಟು."

ಅವಳು ಬಗ್ಗಿ ವಸ್ತ್ರ ತೆಗೆದು ಅಂಗಿಯೊಳಗೆ ತುರುಕಿಕೊಂಡಳು. ಹೊಸ ಸಾಬೂನಿನ ವಾಸನೆ. ಮೇಲಿನ ದಾರಿ ಹಿಡಿದಳು. ಸೇತುವೆಯತ್ತ ಕಾರಿನ ಹಾರನ್ ಕೂಗಿತು. ಕುದುರೆ ಕಿವಿ ನಿಮಿರಿಸಿತು, ಆದರೆ ನಡಿಗೆ ತಪ್ಪಲಿಲ್ಲ. ತಿರುಗಿ ಅವನನ್ನು ನೋಡಿದರೆ ಕುದುರೆಯಿಂದ ಇಳಿದೇಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

"ಉಲ್ಜಾನ್," ಹಿಂದಿನಿಂದ ಅವನೆಂದ, "ಒಂದ್ಸಲ ಈ ಕಡೆ ನೋಡು."